ಹಲಗೆಗೆ ಗೊತ್ತಿದ್ದ ಹೆಜ್ಜೆ

"ಆ ಹಲಗೆ ಎತ್ತಬೇಡಿ! ಕೆಳಗೆ ವೈರ್ ಇದೆ!"

ಅಳಿಯ ಒಂದು ತುದಿ, ಪಕ್ಕದ ಮನೆಯವನು ಇನ್ನೊಂದು ತುದಿ ಹಿಡಿದು ಮೊಣಕಾಲೆತ್ತರಕ್ಕೆ ಎತ್ತಿದ್ದ ಹಲಗೆ ಹಾಗೆಯೇ ನಿಂತುಹೋಯಿತು. ಹಾಲ್‌ನಲ್ಲಿದ್ದವರೆಲ್ಲ ಬಾಗಿಲ ಕಡೆ ತಿರುಗಿದರು. ಕೂಗಿದವನು ಬೀದಿಯ ತುದಿಯಲ್ಲಿ ಟೀವಿ ರಿಪೇರಿ ಅಂಗಡಿ ಇಟ್ಟುಕೊಂಡಿದ್ದವನು. ಮರದ ಮೆಟ್ಟಿಲುಗಳನ್ನು ಓಡಿ ಹತ್ತಿದ ಏದುಸಿರು; ಕಂಕುಳಲ್ಲಿ ಬಟ್ಟೆಯಲ್ಲಿ ಸುತ್ತಿದ ಚಪ್ಪಟೆಯಾದ ಏನೋ ಒಂದು.

ಗೋಡೆಗೊರಗಿ ನಿಂತಿದ್ದ ಚೆಕ್ಕರ್ ಮೊದಲು ನೋಡಿದ್ದು ಆ ಕಂಕುಳನ್ನು. ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುತ್ತಲೇ ಕೂದಲು ನರೆತು ನಿವೃತ್ತನಾದವನು ಅವನು. ಬೀದಿಯವರ ಬಾಯಲ್ಲಿ ಇಂದಿಗೂ ಚೆಕ್ಕರ್. ಬೀದಿಯವರ ಬಟ್ಟೆ ಹೊಲಿಯುತ್ತಿದ್ದ ಅವನ ಹೆಂಡತಿಯ ದೇಹ ಒಳಕೋಣೆಯಲ್ಲಿತ್ತು. ಶವದ ಪೆಟ್ಟಿಗೆ ಬರುವ ಹೊತ್ತಾಗಿತ್ತು. ಅದನ್ನಿಡಲು ಹಾಲ್‌ನಲ್ಲಿ ಜಾಗ ಮಾಡುತ್ತಿದ್ದರು. ಅಂಥ ಹೊತ್ತಿನಲ್ಲೂ ಅವನ ಮನಸ್ಸು ಹಳೆಯ ಕಸುಬನ್ನು ಬಿಡಲಿಲ್ಲ. ಸಾವಿನ ಮನೆಗೆ ಬಂದವನ ಕಣ್ಣು ಸತ್ತವಳನ್ನು ಹುಡುಕಬೇಕು. ಇವನ ಕಣ್ಣು ಹಲಗೆಯ ಮೇಲೇಕೆ ಬಿತ್ತು? ನಮ್ಮ ಮನೆಯ ಹಲಗೆಯ ಅಡಿಯಲ್ಲಿ ಏನಿದೆಯೆಂಬುದು ನಮಗಿಂತ ಇವನಿಗೆ ಹೇಗೆ ಚೆನ್ನಾಗಿ ಗೊತ್ತು?

"ವೈರ್ ಇದ್ರೆ ಇರಲಿ. ಎತ್ರಿ," ಎಂದ ಚೆಕ್ಕರ್.

"ಮೆಲ್ಲಗೆ, ಯಜಮಾನ್ರೇ. ಅಕ್ಕ ಬಹಳ ಜೋಪಾನ ಮಾಡಿಟ್ಟಿದ್ದು ಅದನ್ನ."

ಅಕ್ಕ! ಚೆಕ್ಕರಿಗೆ ಆ ಮಾತು ಎಂದೂ ಹಿಡಿಸಿರಲಿಲ್ಲ. ತಾನು ಬಸ್ಸು ಹತ್ತಿದ ಕೂಡಲೇ 'ನಮಸ್ಕಾರ ಸಾರ್, ಚೆನ್ನಾಗಿದೀರಾ' ಎಂದು ನಗುತ್ತಿದ್ದವರನ್ನೇ ಅವನು ಮೊದಲು ನಿಲ್ಲಿಸಿ ಟಿಕೆಟ್ ಕೇಳುತ್ತಿದ್ದುದು.

ಮೂಲೆಯ ಕುರ್ಚಿಯಲ್ಲಿದ್ದ ಕೆಳಮನೆಯ ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡಳು. "ಆ ಹಲಗೆ ವಿಷಯ ನನ್ನ ಕೇಳಿ. ಮಧ್ಯಾಹ್ನ ಆಯ್ತು ಅಂದ್ರೆ ನನ್ನ ತಲೆ ಮೇಲೆ ಕುದುರೆ ಓಡಿಸಿದ ಹಾಗಾಗೋದು. ಇವತ್ತು ಟೈಲರಮ್ಮನಿಗೆ ಚೆನ್ನಾಗಿ ಬೈದುಬಿಡೋಣ ಅಂತ ಮೆಟ್ಟಿಲು ಹತ್ತಿ ಬರ್ತಿದ್ದೆ. ಬಂದ ತಕ್ಷಣ ಕೂರಿಸಿ ಕೈಗೊಂದು ಲೋಟ ಚಹಾ ಕೊಡೋಳು. ಬೈಯೋದೇ ಮರೆತುಹೋಗೋದು."

ಯಾರೋ ಅಳುವಿನ ನಡುವೆಯೇ ನಕ್ಕರು. ಅಳಿಯ ಹಲಗೆಯನ್ನು ಮಗುಚಿದ. ಅಡಿಯಲ್ಲಿ ಒಂದು ಸ್ಪೀಕರು. ಅದರ ಬಾಯನ್ನು ಮರಕ್ಕೆ ಒತ್ತಿ ಸ್ಕ್ರೂ ಹಾಕಿ ಕೂರಿಸಲಾಗಿತ್ತು.

"ಇದೇನು ಮಾವ? ಸ್ಪೀಕರನ್ನ ಕಾಲಡಿ ಇಟ್ಕೊಂಡು ಯಾರಾದ್ರೂ ಕೇಳ್ತಾರಾ?"

"ನನಗೇನು ಗೊತ್ತು? ಇಟ್ಟವರನ್ನ ಕೇಳು," ಎಂದ ಚೆಕ್ಕರ್, ರಿಪೇರಿಯವನ ಮುಖದಿಂದ ಕಣ್ಣು ತೆಗೆಯದೆ.

*

ಎಲ್ಲವೂ ಶುರುವಾದದ್ದು ರಿಪೇರಿಯವನ ಅಂಗಡಿಯ ಗಾಜಿನ ಮುಂದೆ. ಗಂಡ ಹೆಂಡತಿ ದಾರ, ಗುಂಡಿ ಕೊಂಡು ಮರಳುತ್ತಿದ್ದರು. ಗಾಜಿನ ಹಿಂದೆ ಒಂದು ಟೀವಿಯಲ್ಲಿ ಕುಣಿತ ನಡೆದಿತ್ತು. ಸದ್ದು ಹೊರಗೆ ಬರುತ್ತಿರಲಿಲ್ಲ. ಉದ್ದ ಸಾಲಿನಲ್ಲಿ ಗಂಡಸರು, ಹೆಂಗಸರು. ಕೈಗಳನ್ನು ಪಕ್ಕೆಗೆ ಹೊಲಿದುಬಿಟ್ಟ ಹಾಗೆ ಇಳಿಬಿಟ್ಟು, ಬೆನ್ನು ನೆಟ್ಟಗೆ ಮಾಡಿ, ಸೊಂಟದಿಂದ ಮೇಲೆ ಏನೂ ನಡೆಯುತ್ತಿಲ್ಲವೆಂಬಂತೆ ನಿಂತಿದ್ದರು. ಮೊಣಕಾಲಿನ ಕೆಳಗೆ ಮಾತ್ರ ಕಾಲುಗಳು ಕಣ್ಣಿಗೆ ಸಿಗದಂತೆ ಓಡುತ್ತಿದ್ದವು.

ಅವಳು ನಿಂತುಬಿಟ್ಟಳು. ಅವನು ಮುಂದೆ ಹೋಗಿದ್ದವನು ತಿರುಗಿ, "ಬಾರೇ, ಹೊತ್ತಾಯ್ತು," ಎಂದು ಕೂಗಿದ. ಬಸ್ಸಿನ ಹಿಂದಿನ ಸೀಟಿನಲ್ಲಿ ನಿದ್ದೆ ಮಾಡುವವನನ್ನೂ ಎಬ್ಬಿಸುವ ಗಂಟಲು. ಬೀದಿಯೇ ತಿರುಗಿ ನೋಡಿತು, ಅವಳು ನೋಡಲಿಲ್ಲ. ಅವನ ಮುಖ ಕೆಂಪೇರಿತು.

ಅಷ್ಟರಲ್ಲಿ ಅಂಗಡಿಯವನು ಹೊರಗೆ ಬಂದ. "ಐರ್ಲೆಂಡ್ ದೇಶದ ಕುಣಿತ ಅಕ್ಕಾ ಇದು. ಇದೇ ಆಟಾನ ಬೇರೆ ಬೇರೆ ತಂಡದವರು, ಬೇರೆ ಬೇರೆ ವರ್ಷ ಆಡಿರೋದು ನನ್ನ ಹತ್ರ ಇದೆ. ಒಬ್ಬರ ಹಾಗೆ ಇನ್ನೊಬ್ಬರದ್ದಿಲ್ಲ. ಡಿಸ್ಕ್ ಕೊಡ್ಲಾ, ನೋಡ್ತೀರಾ?"

ಅವನು ಮಾತಾಡುವಷ್ಟು ಹೊತ್ತೂ ಅವಳು ಅವನ ತುಟಿಗಳನ್ನೇ ನೋಡುತ್ತಿದ್ದಳು. ಅದು ಚೆಕ್ಕರ್‌ನ ಕಣ್ಣಿಗೆ ಬಿತ್ತು; ಬಿದ್ದದ್ದು ಹಾಗೆಯೇ ಒಳಗೆ ಉಳಿಯಿತು.

ಅಂದು ಸಂಜೆ ಹೊಲಿಗೆ ಮೆಷಿನ್ ತುಳಿಯುತ್ತಾ ಅವಳು ತಾನಾಗಿ ಹೇಳಿದಳು: "ಅವರೂ ನನ್ನ ಹಾಗೇ ಕಣ್ರೀ. ಮೇಲೆ ನೋಡಿದ್ರೆ ಸುಮ್ನೆ ಕೂತ ಹಾಗೆ. ದುಡಿಮೆಯೆಲ್ಲ ಕೆಳಗೆ."

ಹೌದು, ಮೇಲೆ ಕಾಣುವುದು ಒಂದು, ಕೆಳಗೆ ನಡೆಯುವುದು ಒಂದು ಎಂದುಕೊಂಡ ಅವನು.

*

"ಏನದು ಕಂಕುಳಲ್ಲಿ? ತೆಗೀರಿ," ಎಂದ ಚೆಕ್ಕರ್.

"ಅಕ್ಕನದ್ದು."

"ಅವಳದ್ದೆಲ್ಲ ಈಗ ನನ್ನದು. ತೆಗೀರಿ ಅಂದೆ."

ಬಟ್ಟೆ ಬಿಚ್ಚಿದಾಗ ಹೊಸ ಡಿಸ್ಕು. ಹೊದಿಕೆಯ ಮೇಲೆ ಅದೇ ಸಾಲು, ಅದೇ ಇಳಿಬಿಟ್ಟ ಕೈಗಳು.

"ಸಾವಿನ ಮನೇಗೆ ಕುಣಿತ ತಂದಿದೀಯಾ?" ಸಿಟ್ಟಿನಲ್ಲಿ ಮರ್ಯಾದೆಯ ಮಾತು ಬಿದ್ದುಹೋಯಿತು. "ನಾಚಿಕೆ ಆಗಲ್ವೇನಯ್ಯಾ?"

"ಆ ಆಟಾನ ಮೊಟ್ಟಮೊದಲನೇ ಸಲ ಆಡಿದ್ದು ಇದು. ಎಲ್ಲಾ ನೋಡಾಯ್ತು, ಮೊದಲಿನವರು ಹೇಗೆ ಕುಟ್ತಿದ್ರು ಅಂತ ನೋಡ್ಬೇಕು ಅಂತ ಅಕ್ಕ ಪೀಡಿಸ್ತಿದ್ರು. ಎಲ್ಲೆಲ್ಲೋ ಹುಡುಕಿಸಿದೆ. ಇವತ್ತು ಬೆಳಿಗ್ಗೆ ಬಂತು." ಅವನ ದನಿ ಇಳಿಯಿತು. "ಪೆಟ್ಟಿಗೇಲಿ ಅವರ ಕಾಲ ಹತ್ರ ಇಡೋಣ ಅಂತ ತಂದೆ."

ಕಾಲ ಹತ್ರ. ಚೆಕ್ಕರ್‌ನ ಎದೆಯಲ್ಲಿ ಯಾವುದೋ ಹಳೆಯ ಮೊಳೆ ಇನ್ನಷ್ಟು ಒಳಕ್ಕೆ ಇಳಿಯಿತು.

*

ಆ ಕಾಲನ್ನು ಅವನು ಮರೆತಿರಲಿಲ್ಲ. ಒಂದು ದಿನ ಗೆಳೆಯರ ಹರಟೆ ಬೇಗ ಮುಗಿದು ಮನೆಗೆ ಬಂದಾಗ ಬಾಗಿಲು ಓರೆಯಾಗಿತ್ತು. ಹೆಂಡತಿ ಟೀವಿಯ ಮುಂದೆ ಕುರ್ಚಿಯಲ್ಲಿ. ಬಟ್ಟೆ ಕತ್ತರಿಸುತ್ತಿದ್ದ ಹಳೆಯ ಹಲಗೆ ಅವಳ ಕಾಲಡಿ. ಅದರ ಮೇಲೆ ಬರಿಗಾಲು. ಆ ಮನುಷ್ಯ ನೆಲದಲ್ಲಿ ಮಂಡಿಯೂರಿ ಹಲಗೆಯ ಮೇಲೆ ಕೈಯಿಟ್ಟಿದ್ದ, ಅವಳ ಪಾದದ ಪಕ್ಕದಲ್ಲೇ. "ಈಗ ಬಂತಾ ಅಕ್ಕಾ?" ಎಂದು ತಲೆಯೆತ್ತಿ ಕೇಳಿದ. ಅವಳು ಕಣ್ಣರಳಿಸಿ, "ಬಂತು, ಬಂತು!" ಎಂದು ಹುಡುಗಿಯ ಹಾಗೆ ನಕ್ಕಳು. ಹಲಗೆಗೆ ಹೋಗುತ್ತಿದ್ದ ವೈರು ಚೆಕ್ಕರಿಗೆ ಕಾಣಿಸಿತ್ತು. ಆದರೆ ಅವನು ನೋಡಿದ್ದು ಆ ಕೈಯನ್ನು.

ಅವನು ಜಗಳವಾಡಲಿಲ್ಲ. ಜಗಳವಾಡಿದರೆ ಕಳ್ಳರು ಮುಂದಿನ ಸ್ಟಾಪಿನಲ್ಲಿ ಇಳಿದುಬಿಡುತ್ತಾರೆ. ಮೆಲ್ಲಗೆ ಇಳಿದುಹೋಗಿ, ಬೂಟುಗಾಲಿನಿಂದ ಒಂದೊಂದು ಮೆಟ್ಟಿಲನ್ನೂ ಕುಟ್ಟುತ್ತ ಮತ್ತೆ ಹತ್ತಿ ಬಂದ. ಬಾಗಿಲಿಗೆ ಬರುವಷ್ಟರಲ್ಲಿ ಹೆಂಡತಿ ಟೀವಿಯಿಂದ ತಲೆ ಹೊರಳಿಸದೆಯೇ, "ಬಂದ್ರಾ? ಚಹಾ ಇಟ್ಟಿದೀನಿ," ಎಂದಳು.

ಅಂದಿನಿಂದ ಅವನ ತಪಾಸಣೆ ನಡೆಯಿತು. ಕೆಲವು ದಿನ ಬೂಟು ಕುಟ್ಟುತ್ತ ಬರುತ್ತಿದ್ದ. ಅಂಥ ದಿನ ತಪ್ಪದೆ 'ಬಂದ್ರಾ? ಚಹಾ ಇಟ್ಟಿದೀನಿ.' ಕೆಲವು ದಿನ ಬೂಟನ್ನು ಕೈಯಲ್ಲಿ ಹಿಡಿದು ಬರಿಯ ಕಾಲುಚೀಲದಲ್ಲಿ ಬಂದು ಅವಳ ಬೆನ್ನ ಹಿಂದೆ ನಿಲ್ಲುತ್ತಿದ್ದ. ಅಂಥ ದಿನ ಒಂದು ಮಾತೂ ಇಲ್ಲ. ಸದ್ದು ಮಾಡಿದರೆ ಸಾಧ್ವಿ, ಮಾಡದಿದ್ದರೆ ಗಂಡನ ಪರಿವೆಯೇ ಇಲ್ಲ! ಇದಕ್ಕಿಂತ ಪುರಾವೆ ಬೇಕೆ?

ಆ ಮನುಷ್ಯ ಇದ್ದ ದಿನ ಬಾಗಿಲ ಮರೆಯಲ್ಲೇ ನಿಂತು ಕೇಳಿದ್ದಾದರೂ ಏನು? ಬರೀ ಕುಣಿತದ ಮಾತು. "ಹಳೇ ತಂಡದ ಮುಂದಾಳು ಗರ್ವಿಷ್ಠ, ಆದ್ರೆ ಕಾಲು ಸತ್ಯವಂತ ಕಣಪ್ಪಾ. ಈ ಹೊಸಬ ಹಲ್ಲು ತೋರಿಸೋದೇ ಜಾಸ್ತಿ." "ಈ ತಂಡದವರು ಕಳ್ಳರು. ಕಾಲು ಮೇಲಿರುವಾಗ್ಲೇ ಏಟು ಬಂತು, ನೋಡಿದ್ಯಾ?" ಒಬ್ಬ ಗಂಡಸು, ಒಬ್ಬ ಹೆಂಗಸು ಮಧ್ಯಾಹ್ನವೆಲ್ಲ ಬರೀ ಇದನ್ನೇ ಮಾತಾಡುತ್ತಾರೆಂದರೆ ಯಾರು ನಂಬುತ್ತಾರೆ?

ಒಮ್ಮೆ ಅವಳು ಒಬ್ಬಳೇ ಇದ್ದಾಗ, ಬೆನ್ನ ಹಿಂದೆ ನಿಂತು ಕೇಳಿಯೇಬಿಟ್ಟ: "ನಾನು ಸತ್ತರೆ ನಿನಗೆ ಹಾಯಾಗುತ್ತೆ, ಅಲ್ವಾ?" ಅವಳು ತಿರುಗಲಿಲ್ಲ. ಕಾಲ್ಬೆರಳಿನಿಂದ ಹಲಗೆಯ ಮೇಲೆ ತಾಳ ಹಾಕುತ್ತಲೇ ಇದ್ದಳು. ಅದನ್ನು ಅವನು ಉತ್ತರವೆಂದೇ ತೆಗೆದುಕೊಂಡ.

ನಿನ್ನೆ ಬೂಟು ಕುಟ್ಟಿಕೊಂಡೇ ಹತ್ತಿದ್ದ. ಆ ಮಾತು ಬರಲಿಲ್ಲ. ಇದೊಂದು ಹೊಸ ಸೊಕ್ಕು ಎಂದುಕೊಂಡು, ಅವಳ ಕುರ್ಚಿಯ ಹಿಂದೆಯೇ ಹಾದು ಒಳಕೋಣೆಗೆ ಹೋಗಿ ಮುಖ ಗಂಟಿಕ್ಕಿಕೊಂಡು ಕುಳಿತ. ಒಲೆಯ ಮೇಲೆ ಚಹಾ ಬತ್ತಿ ಪಾತ್ರೆ ಕರಕಾದ ವಾಸನೆ ಬಂದ ಮೇಲೆಯೇ ಎದ್ದು ಬಂದು ಅವಳ ಮುಖ ನೋಡಿದ್ದು.

*

"ಅಪ್ಪಾ, ಸಾಕು ಮಾಡಿ." ಮಗಳು ಒಳಕೋಣೆಯಿಂದ ಬಂದಿದ್ದಳು. ಕಣ್ಣುಗಳು ಊದಿಕೊಂಡಿದ್ದವು. "ಅಮ್ಮನಿಗೆ ಕಿವಿ ಕೇಳ್ತಿರಲಿಲ್ಲ."

ಚೆಕ್ಕರ್ ಮಗಳನ್ನು ನೋಡಿದ, ರಿಪೇರಿಯವನನ್ನು ನೋಡಿದ. ಇಬ್ಬರೂ ಸೇರಿ ಕಟ್ಟಿದ ಕತೆಯೇ?

"ನನ್ನ ಮಾತಿಗೆ ಉತ್ತರ ಕೊಡ್ತಿದ್ಲಲ್ಲ?"

"ನೀವು ಎದುರಿಗೆ ನಿಂತು ಮಾತಾಡಿದಾಗ. ತುಟಿ ನೋಡಿ ತಿಳ್ಕೊಳ್ತಿದ್ಲು."

"ನನಗ್ಯಾಕೆ ಹೇಳಲಿಲ್ಲ?"

ಮಗಳು ಕಣ್ಣೊರೆಸಿಕೊಂಡಳು. "ದೇವರು ಕೊಟ್ಟಿದ್ದ, ಮೆಲ್ಲಗೆ ವಾಪಸ್ ತಗೊಳ್ತಿದಾನೆ, ಅದಕ್ಕೆ ಗಲಾಟೆ ಯಾಕೆ ಅಂದ್ಲು. ಆಮೇಲೆ ನಗಾಡ್ತಾ... ನಿಮ್ಮಪ್ಪನಿಗೆ ಗೊತ್ತಾದ್ರೆ ದಿನಾ ಬೆನ್ನ ಹಿಂದೆ ನಿಂತು ಪರೀಕ್ಷೆ ಮಾಡ್ತಾರೆ ಅಂದ್ಲು."

ಚೆಕ್ಕರ್ ಕುರ್ಚಿಯ ಬೆನ್ನನ್ನು ಹಿಡಿದುಕೊಂಡ.

"ಅಂಗಡಿ ಗಾಜಿನ ಮುಂದೆ ನಿಂತಾಗ ನನಗೆ ಅನುಮಾನ ಬಂತು," ಎಂದ ರಿಪೇರಿಯವನು. "ಸದ್ದಿಲ್ಲದ ಟೀವಿ ಎದುರು ಎಲ್ಲರೂ ಸದ್ದು ಬರಲಿ ಅಂತಾರೆ. ಅವರು ಕೇಳಲೇ ಇಲ್ಲ. ಕಾಲಿಗೆ ಕೇಳೋ ಹಾಗೆ ಮಾಡೋಣ ಅಂದೆ. ಇಷ್ಟು ವರ್ಷ ಮೆಷಿನ್ ತುಳಿದ ಕಾಲು. ಎಲ್ಲಿ ಹೊಲಿಗೆ ತಪ್ಪಿತು ಅಂತ ಅಂಗಾಲಲ್ಲೇ ತಿಳಿಯೋದು."

"ನಾನು ನಂಬಲ್ಲ," ಎಂದ ಚೆಕ್ಕರ್. ದನಿ ಗಟ್ಟಿಯಾಗಿರಲಿಲ್ಲ. ಕುರ್ಚಿಯಲ್ಲಿ ಕುಳಿತು ಬೂಟಿನ ಲೇಸು ಬಿಚ್ಚತೊಡಗಿದ. "ಹಲಗೆ ಇಲ್ಲಿ ಹಾಕಿ. ಅವಳು 'ಕಳ್ಳರು' ಅಂತಿದ್ದ ತಂಡ ಯಾವುದು? ಅದನ್ನೂ ಹಾಕು, ಹಳೇದನ್ನೂ ಹಾಕು."

"ಅಪ್ಪಾ, ಅಮ್ಮ ಒಳಗೆ..."

"ಹಾಕಲಿ ಬಿಡೇ," ಎಂದಳು ಅಜ್ಜಿ. "ಅವಳಿಗೆ ಬೇಡದ್ದೇನಲ್ಲ. ನನ್ನ ತಲೆ ಮೇಲೆ ಕೊನೇ ಸಲ ಕುದುರೆ ಓಡಲಿ."

ಅವನು ಬರಿಗಾಲನ್ನು ಹಲಗೆಯ ಮೇಲಿಟ್ಟು, ಎರಡೂ ಕಿವಿಗೆ ಬೆರಳು ತುರುಕಿಕೊಂಡ. ಮೊದಲು ಹಳೆಯ ತಂಡ. ಪರದೆಯ ಮೇಲೆ ಕಾಲು ಬಿದ್ದಾಗ ಅಂಗಾಲಿಗೆ ಏಟು ಬಂತು. ಸಾಲಿನಲ್ಲೊಬ್ಬಳು ತಡವರಿಸಿದಾಗ ಏಟೂ ತಡವರಿಸಿತು. ಆಮೇಲೆ ಇನ್ನೊಂದು. ಅದೇ ಆಟ, ಅದೇ ಸಾಲು, ಇನ್ನೂ ಹೊಳೆಯುವ ಬಟ್ಟೆ. ಹಿಂದಿನ ಸಾಲಿನವನೊಬ್ಬನ ಕಾಲು ಇನ್ನೂ ಮೇಲಿತ್ತು. ಏಟು ಆಗಲೇ ಬಂದುಬಿಟ್ಟಿತ್ತು. ಮತ್ತೆ ನೋಡಿದ. ಮತ್ತೆ ಹಾಗೆಯೇ.

"ಟಿಕೆಟಿಲ್ಲ ಇವನ ಹತ್ರ," ಎಂದ ಅವನು, ಬೆರಳು ತೆಗೆಯದೆಯೇ, ಗಟ್ಟಿಯಾಗಿ.

"ಕೆಲವು ತಂಡದವರು ಏಟಿನ ಸದ್ದನ್ನ ಮೊದಲೇ ರೆಕಾರ್ಡ್ ಮಾಡಿಟ್ಟುಕೊಂಡಿರ್ತಾರೆ," ಎಂದ ರಿಪೇರಿಯವನು. ಆಮೇಲೆ ನೆನಪಾಗಿ, ಎದುರಿಗೆ ಬಂದು ನಿಂತು, ತುಟಿ ಕಾಣುವಂತೆ ಅದನ್ನೇ ಮತ್ತೆ ಹೇಳಿದ. ಹೇಳಿ ಅವನಿಗೇ ಅಳು ಬಂತು.

ಚೆಕ್ಕರ್ ಬೆರಳು ತೆಗೆದ. "ಮತ್ತೆ ನಾನು ಬರೋದು? ಅದು ಅವಳಿಗೆ..."

"ಅದೂ ಹಲಗೇಲೇ. ಮರದ ಮನೆ ಅಲ್ವಾ ಇದು? ನೀವು ಕೆಳಗಿನ ಮೆಟ್ಟಿಲು ತುಳಿದಾಗ್ಲೇ ಗೊತ್ತಾಗೋದು. 'ಡಿಸ್ಕ್ ನಿಲ್ಸಪ್ಪಾ, ಇವರು ಬಂದ್ರು' ಅನ್ನೋರು. ನಿಲ್ಸಿ, ಕಾಲು ಒತ್ತಿ ಕೂರೋರು. ನೀವು ಬಾಗಿಲಿಗೆ ಬರೋವರೆಗೂ." ಅವನು ಮೂಗೊರೆಸಿಕೊಂಡ. "ಎಷ್ಟು ತಂಡ ನೋಡಿದ್ರೂ ಇದೇ ಮಾತು. 'ಇವರದ್ದು ಸ್ವಂತ ಏಟು' ಅನ್ನೋರು."

ಕೆಳಗಿನಿಂದ ಪೆಟ್ಟಿಗೆ ಹೊತ್ತವರ ದನಿ ಕೇಳಿಸಿತು. ಅಳಿಯ ಎದ್ದು, "ಎಲ್ಲಿಡೋಣ ಮಾವ?" ಎಂದ.

"ಹಲಗೆ ಮೇಲೆ."

ಹಾಗೆಯೇ ಇಟ್ಟರು. ಅವಳನ್ನು ಒಳಗಿನಿಂದ ತಂದು ಮಲಗಿಸಿದರು. ಮಗಳು ಒಂದು ಬಿಳಿ ಹೂವನ್ನು ಅವಳ ಎದೆಯ ಮೇಲಿಟ್ಟಳು. ರಿಪೇರಿಯವನು ಡಿಸ್ಕನ್ನು ಕೈಯಲ್ಲಿ ಹಿಡಿದು ದೂರದಲ್ಲೇ ನಿಂತಿದ್ದ. ಚೆಕ್ಕರ್ ಅದನ್ನು ಇಸಿದುಕೊಂಡು ತಾನೇ ಅವಳ ಕಾಲ ಬಳಿ ಇಟ್ಟ. "ಹೊರುವಾಗ ನೀವು ತಲೆ ಕಡೆ ಹಿಡ್ಕೊಳ್ಳಿ," ಎಂದು ರಿಪೇರಿಯವನಿಗೆ ಹೇಳಿದ. ಹಿರಿಯರೊಬ್ಬರು ಪ್ರಾರ್ಥನೆ ಹೇಳಿ ಮುಗಿಸಿ, ಮುಚ್ಚಳ ತರಲು ಸನ್ನೆ ಮಾಡಿದರು.

"ಒಂದು ನಿಮಿಷ. ಮುಚ್ಚಬೇಡಿ."

ಅವನು ಬೂಟು ಹಾಕಿಕೊಂಡು ಲೇಸನ್ನು ಬಿಗಿಯಾಗಿ ಕಟ್ಟಿದ. ಯಾರನ್ನೂ ನೋಡದೆ ಬಾಗಿಲು ದಾಟಿ ಮೆಟ್ಟಿಲಿಳಿದುಹೋದ.

"ಅಪ್ಪಾ, ಎಲ್ಲಿಗೆ?" ಎಂದು ಮಗಳು ಕೂಗಿದ್ದು ಅವನ ಹಿಂದೆಯೇ ಇಳಿದು ಬಂತು. ಅವನು ಬೀದಿಬಾಗಿಲವರೆಗೂ ಹೋದ. ಹೊರಗೆ ಗಾಡಿ ಕಾಯುತ್ತಿತ್ತು. ಅಲ್ಲಿಂದ ತಿರುಗಿ, ಕೆಳಗಿನ ಮೆಟ್ಟಿಲನ್ನು ಬಲವಾಗಿ ತುಳಿದ. ಆಮೇಲೆ ಅದರ ಮೇಲಿನದನ್ನು. ಆಮೇಲೆ ಅದರ ಮೇಲಿನದನ್ನು. ಮೆಟ್ಟಿಲ ಪಕ್ಕ ನಿಂತಿದ್ದ ಜನ ಗೋಡೆಗೆ ಸರಿದು ದಾರಿ ಬಿಟ್ಟರು. ಹಳೆಯ ಮರ ಕಿರುಗುಟ್ಟಿತು. ಎಲ್ಲಿಯೋ ಒಂದು ಕಿಟಕಿಯ ಗಾಜು ಅದುರಿತು.

ಬಾಗಿಲಿಗೆ ಬಂದು, ಹೊಸ್ತಿಲಾಚೆ ಕೊನೆಯ ಹೆಜ್ಜೆಯನ್ನು ಹಾಲ್‌ನ ನೆಲದ ಮೇಲೆ ಊರಿ, ಎಂದಿನಂತೆ ನಿಂತ. ಹಲಗೆಯ ಮೇಲಿನ ಪೆಟ್ಟಿಗೆಯಲ್ಲಿ, ಅವಳ ಎದೆಯ ಮೇಲಿದ್ದ ಬಿಳಿ ಹೂವು ಒಮ್ಮೆ ಅಲುಗಿತು.