ಲವಲವಿಕೆಯ ಮುಂಭಾಗ

"ಈಗ ನಗು," ಎಂದ ಅವನು, ತುಟಿ ಅಲ್ಲಾಡಿಸದೆ.

ಹೆಂಡತಿ ನಕ್ಕಳು. ಗಾಜಿನಾಚೆ ಚೌಕದಲ್ಲಿ ಬಲೂನು ಮಾರುವವನೊಬ್ಬ ನಿಂತು ಇವರಿಬ್ಬರನ್ನೂ ನೋಡುತ್ತಿದ್ದ. ಬಲೂನಿನವನು ಮುಂದೆ ಹೋದ ತಕ್ಷಣ ಅವಳ ನಗು ನಿಂತಿತು. ಟೀ ಕಪ್ಪಿನೊಳಗೆ ನೋಡುತ್ತಾ ಕುಳಿತಳು.

ಚೌಕದ ಸುತ್ತಲಿನ ನೆಲಮಹಡಿ ಅಂಗಡಿಗಳಿಗೆ ಗಿರಾಕಿಗಳೇ ಬರದಂತಾದಾಗ, ಅವನ್ನು ವಾಸದ ಮನೆ ಮಾಡಿಕೊಳ್ಳಬಹುದೆಂದು ನಗರ ಯೋಜನಾ ಕಚೇರಿ ಒಪ್ಪಿತ್ತು. ಒಂದೇ ಷರತ್ತು: ಮುಂಭಾಗ 'ಲವಲವಿಕೆಯಿಂದ' ಕೂಡಿರಬೇಕು. ಅಂಗಡಿ ತೆರೆದಿರುತ್ತಿದ್ದ ಹೊತ್ತಿನಲ್ಲೆಲ್ಲ ಶಟರ್ ಮೇಲಿರಬೇಕು, ಗಾಜಿಗೆ ಪರದೆ ಕೂಡದು, ಒಳಗೆ ಜನ ಮಾತಾಡಿಕೊಂಡು, ಓಡಾಡಿಕೊಂಡು ಕಾಣಬೇಕು. ಒಂದು ವರ್ಷ ಹೀಗಿದ್ದು ತಪಾಸಣೆಯಲ್ಲಿ ಪಾಸಾದರೆ ಪರದೆ ಹಾಕಿಕೊಳ್ಳಬಹುದು. ಫೇಲಾದರೆ ಮನೆ ಮತ್ತೆ ಅಂಗಡಿ.

ಈ ಷರತ್ತು ಬರೆದ ಮಹಾನುಭಾವ ಬೇರೆ ಯಾರೂ ಅಲ್ಲ, ಅವನೇ. ಯೋಜನಾ ಕಚೇರಿಯಲ್ಲಿ ಹಿರಿಯ ಅಧಿಕಾರಿ. 'ಲವಲವಿಕೆ' ಎಂಬ ಪದ ಹೊಳೆದ ದಿನ ತನ್ನ ಬೆನ್ನು ತಾನೇ ತಟ್ಟಿಕೊಂಡಿದ್ದ. ಅದೇ ಹುಮ್ಮಸ್ಸಿನಲ್ಲಿ ಮೇಲುಮಹಡಿಯ ತಮ್ಮ ಮನೆಯನ್ನು ಮಾರಿ, ಇಲ್ಲಿ ಮುಚ್ಚಿಹೋಗಿದ್ದ ಒಂದು ಬನಿಯನ್ ಅಂಗಡಿಯನ್ನು ಕೊಂಡುಬಿಟ್ಟ. ಹೆಂಡತಿಗೆ ಹೇಳಿದ್ದು ಕೊಂಡ ಮೇಲೆ.

"ನನ್ನನ್ನ ಒಂದು ಮಾತು ಕೇಳಬೇಕು ಅನ್ನಿಸಲಿಲ್ವಾ ನಿಮಗೆ?" ಎಂದಿದ್ದಳು. ಅದೇ ಕೊನೆ. ಆಮೇಲೆ ಅವಳು ಅವನೊಂದಿಗೆ ಆಡಿದ್ದೆಲ್ಲ ನಿಯಮದ ಪ್ರಕಾರದ ಮಾತು.

ಆದರೆ ಆ ನಿಯಮದ ಹೊತ್ತಿನಲ್ಲಿ! ಅಬ್ಬಾ, ಏನು ನಗು, ಏನು ಸಲಿಗೆ! ಕಿತ್ತಳೆ ಬಿಡಿಸಿ ಅವನ ಬಾಯಿಗಿಡುವಳು. ಅಂಗಿಯ ಕಾಲರು ಸರಿಮಾಡುವಳು. ಚೌಕದಲ್ಲಿ ಜನ ಹೆಚ್ಚಿದ್ದರೆ ಕೆನ್ನೆಯನ್ನೂ ಚಿವುಟುವಳು. ಶಟರ್ ಇಳಿದರೆ ಮುಗಿಯಿತು, ಉಪ್ಪು ಬೇಕಾದರೂ ಉಪ್ಪಿನ ಡಬ್ಬಿಯನ್ನೇ ದಿಟ್ಟಿಸುತ್ತಾ ಕೂರುವಳು. ಅವನು ಮಾನ ಮರ್ಯಾದೆ ಬಿಟ್ಟು ರಜಾದಿನಗಳಿಗಾಗಿ ಕಾಯತೊಡಗಿದ್ದ. ಯಾರದೋ ಮಗುವೊಂದು ಗಾಜಿಗೆ ಮೂಗೊತ್ತಿ ನಿಲ್ಲಲಿ ಎಂದು ಹಾರೈಸುತ್ತಿದ್ದ.

ಇವತ್ತು ತಪಾಸಣೆ. ಪಾಸಾದರೆ ಪರದೆ, ಪರದೆ ಬಂದರೆ ಆ ನಗುವೂ ಇಲ್ಲ. ಫೇಲಾದರೆ ಮನೆಯೇ ಇಲ್ಲ. ಅವನಿಗೆ ಅಳು ಬಂತು. ಗಾಜಿನ ಮುಂದೆ ಅಳುವುದು ನಿಯಮಕ್ಕೆ ವಿರುದ್ಧವೆಂದು ನುಂಗಿಕೊಂಡ.

ಬಾಗಿಲು ತಳ್ಳಿಕೊಂಡು ಮುದುಕರೊಬ್ಬರು ಬಂದರು. "ತೊಂಬತ್ತರ ಸೈಜಿನ ಬನಿಯನ್ ಇದೆಯೇನಮ್ಮಾ? ತೋಳಿಂದು."

"ಖಾಲಿಯಾಗಿದೆ ತಾತ. ಮುಂದಿನ ವಾರ ಬನ್ನಿ," ಎಂದಳು ಹೆಂಡತಿ ಅಕ್ಕರೆಯಿಂದ.

ಮುದುಕರು ಹೋದ ಮೇಲೆ ಅವನು ಕೇಳಿದ, "ಮುಂದಿನ ವಾರ ಯಾಕೆ?"

ಅವಳು ಚೌಕದತ್ತ ಕಣ್ಣು ಹಾಯಿಸಿದಳು. ಯಾರೂ ಇರಲಿಲ್ಲ. ಮತ್ತೆ ಟೀ ಕಪ್ಪಿನೊಳಗೆ ನೋಡತೊಡಗಿದಳು.

ಇನ್ಸ್‌ಪೆಕ್ಟರ್ ಬಂದಾಗ ಸಂಜೆಯಾಗುತ್ತಿತ್ತು. ಅವನ ಕೈಕೆಳಗಿನವನೇ. ಬೆನ್ನ ಹಿಂದೆ ಕೈಕಟ್ಟಿಕೊಂಡು ಹೊರಗೆ ಕೊಂಚ ಹೊತ್ತು ನೋಡಿ ಆಮೇಲೆ ಒಳಗೆ ಬಂದ.

"ಪಕ್ಕದ ಚಪ್ಪಲಿ ಅಂಗಡೀಲಿದಾರಲ್ಲ ಹಲ್ಲಿನ ಡಾಕ್ಟ್ರು, ಫೇಲಾದ್ರು ಸಾರ್. ಸೋಫಾದ ಮೇಲೆ ಬಾಯಿ ತಕ್ಕೊಂಡು ನಿದ್ದೆ ಹೊಡೀತಿದ್ರು."

"ಗೊರಕೆ ಇತ್ತಾ?"

"ಇತ್ತು ಸಾರ್. ಆದ್ರೆ ಹೊರಗೆ ಕೇಳಿಸಲ್ವಲ್ಲ."

ಆಗ ಅವನು ನಿರ್ಧರಿಸಿದ. ಮನೆ ಹಾಳಾಗಿ ಹೋಗಲಿ. ಬೇರೆ ಅಂಗಡಿ ಕೊಳ್ಳೋಣ, ಮತ್ತೊಂದು ವರ್ಷ ಸಿಗುತ್ತದೆ. ಎದ್ದುಹೋಗಿ ಚೌಕಕ್ಕೆ ಬೆನ್ನು ಮಾಡಿ, ಗೋಡೆಗೆ ಮುಖ ಮಾಡಿ, ಪೇಪರನ್ನು ತಲೆಯ ಮೇಲೆ ಹೊದ್ದುಕೊಂಡು ಹೆಣದ ಹಾಗೆ ಕೂತ.

"ನೋಡಿ ಇವರ ತಮಾಷೆ!" ಹೆಂಡತಿ ಓಡಿಬಂದು ಪಕ್ಕೆಗೆ ಕಚಗುಳಿಯಿಟ್ಟಳು. ಅವನು ಹಲ್ಲು ಕಚ್ಚಿ ತಡೆದ. ಅವಳು ಬಿಡಲಿಲ್ಲ. ಅವನು ಕುರ್ಚಿಯಿಂದ ಉರುಳಿ ನೆಲದ ಮೇಲೆ ಬಿದ್ದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಅವಳ ಬೆರಳು ತಣ್ಣಗಿದ್ದವು. ಹೊರಗೆ ಯಾರೋ ಚಪ್ಪಾಳೆ ತಟ್ಟಿದರು.

"ಪಾಸು ಸಾರ್, ಕಣ್ಮುಚ್ಕೊಂಡು ಪಾಸು! ಇಂಥ ಜೋಡೀನ ನಾನು ನೋಡೇ ಇಲ್ಲ. ನಮ್ಮ ಮನೇಲಿ ಹೀಗಿಲ್ಲ ಬಿಡಿ."

"ನಮ್ಮ ಮನೇಲೂ..." ಎಂದವನು ಅಲ್ಲಿಗೇ ನಿಲ್ಲಿಸಿದ.

ಇನ್ಸ್‌ಪೆಕ್ಟರ್ ಹೊಸ್ತಿಲು ದಾಟಿದ್ದೇ ತಡ, ಹೆಂಡತಿ ಮಂಚದ ಕೆಳಗಿನಿಂದ ನೀಲಿ ಪರದೆಯೊಂದನ್ನು ಎಳೆದು ತೆಗೆದಳು. ಯಾವಾಗ ಹೊಲಿದಿಟ್ಟಿದ್ದಳೋ, ಅವನಿಗೆ ಗೊತ್ತೇ ಇರಲಿಲ್ಲ. ಸ್ಟೂಲು ಹತ್ತಿ, ಗಾಜಿನ ಮೇಲಿನ ಸರಳಿಗೆ ಉಂಗುರಗಳನ್ನು ಪೋಣಿಸಿ, ಈ ತುದಿಯಿಂದ ಆ ತುದಿಗೆ ಸರ್ರನೆ ಎಳೆದಳು. ಕೋಣೆ ಕತ್ತಲಾಯಿತು. ದೀಪ ಹಾಕಿದಳು.

"ಹೊರಗೆ ಹೋಗಿ ನೋಡ್ತೀರಾ? ಒಳಗಿಂದು ಏನಾದ್ರೂ ಕಾಣುತ್ತಾ ಅಂತ."

ಅವನಿಗೆ ಮೈ ಜುಮ್ಮೆಂದಿತು. ನೋಡುವವರು ಯಾರೂ ಇಲ್ಲದಾಗ ಆಡಿದ ಮಾತು! ಚಪ್ಪಲಿ ಮೆಟ್ಟದೆ ಚೌಕಕ್ಕೆ ಓಡಿದ.

ಬಟ್ಟೆ ದಪ್ಪನೆಯದು. ದೀಪ ಉರಿಯುತ್ತಿದೆಯೆಂದೂ ತಿಳಿಯುವಂತಿರಲಿಲ್ಲ. ಅರ್ಧ ತೆರೆದ ಬಾಗಿಲಿನಿಂದ ಅವಳ ದನಿ ಬಂತು: "ಕಾಣುತ್ತಾ?"

ಇಲ್ಲ ಎಂದರೆ ಮುಗಿಯಿತು. ಒಳಗೆ ಹೋಗಬೇಕು, ಊಟಕ್ಕೆ ಕೂರಬೇಕು.

"ಸ್ವಲ್ಪ ಕಾಣುತ್ತೆ," ಎಂದ.

"ಎಲ್ಲಿ?"

"ಎಡಗಡೆ."

ಉಂಗುರಗಳು ಗಲಗಲ ಎಂದವು. "ಈಗ?"

"ಈಗ ಬಲಗಡೆ."

"ಅಯ್ಯೋ, ಇದೊಳ್ಳೆ ಕತೆಯಾಯ್ತಲ್ಲ! ಏನು ಕಾಣುತ್ತೆ?"

"ನೀನು."

ದಾರಿಹೋಕರು ಒಬ್ಬೊಬ್ಬರಾಗಿ ಬಂದು ಅವನ ಪಕ್ಕ ನಿಂತರು. ಬಲೂನಿನವನೂ ಬಂದ. ಎಲ್ಲರೂ ಕತ್ತು ಚಾಚಿ ನೀಲಿ ಬಟ್ಟೆಯನ್ನು ನೋಡಿದರು.

"ನನಗೇನೂ ಕಾಣ್ತಿಲ್ವಲ್ಲ," ಎಂದಳು ಒಬ್ಬ ಹೆಂಗಸು.

"ಶ್," ಎಂದ ಅವನು.

"ನಾನೇನ್ ಮಾಡ್ತಿದೀನಿ, ಹೇಳಿ ನೋಡೋಣ?" ಒಳಗಿನಿಂದ ದನಿ.

ಅವನು ಗಾಜಿಗೆ ಮೂಗೊತ್ತಿದ. "ನಗ್ತಿದೀಯ."

ಒಂದು ಉಂಗುರವೂ ಅಲ್ಲಾಡಲಿಲ್ಲ. ಆಮೇಲೆ, ಪರದೆಗೆ ತೀರಾ ಹತ್ತಿರದಿಂದ, ಸಣ್ಣಗೆ ಕೇಳಿತು:

"ಈಗ?"

ಚೌಕದಲ್ಲಿ ನಿಂತಿದ್ದವರೆಲ್ಲ ಪರದೆಯನ್ನು ಬಿಟ್ಟು ಅವನ ಮುಖ ನೋಡತೊಡಗಿದರು.