ಬಾಯಿಬಿಡದ ಹೆಡ್‌ಮಿಸ್ಸು

“ಸ್ವಲ್ಪ ಓರೆ ಮಾಡಿ ಸಾರ್, ಕಾಲು ಬಾಗಿಲಿಗೆ ತಗುಲುತ್ತೆ,” ಎನ್ನುತ್ತ ಗಣಿತದ ಟೀಚರು ಊಟದ ಮೇಜಿನ ಒಂದು ತುದಿಯನ್ನು ಎತ್ತಿದರು. ಇನ್ನೊಂದು ತುದಿ ಡ್ರಿಲ್ ಮೇಷ್ಟ್ರ ಕೈಯಲ್ಲಿತ್ತು. ಮೇಜು ಹೊರಗೆ ಹೋದರೆ ಮಾತ್ರ ಶವಪೆಟ್ಟಿಗೆಯ ಸುತ್ತ ಜನ ನಿಲ್ಲಲು ಜಾಗ. ಪೆಟ್ಟಿಗೆಯಲ್ಲಿ ಅವರ ಹಳೆಯ ಮುಖ್ಯೋಪಾಧ್ಯಾಯಿನಿ ಮಲಗಿದ್ದರು. ಹದಿನೆಂಟು ವರ್ಷ ಶಾಲೆ ನಡೆಸಿದವರಿಗೆ ಸ್ಟಾಫ್ ರೂಮು ಇಟ್ಟ ಹೆಸರು ‘ಕಬ್ಬಿಣದ ಕಡಲೆ’.

“ಎದ್ದು ಕೂತು, ಯಾರನ್ನ ಕೇಳಿ ಮೇಜು ಎತ್ತಿದ್ರಿ ಅಂತಾರೇನೋ,” ಎಂದರು ಡ್ರಿಲ್ ಮೇಷ್ಟ್ರು ಮೆಲ್ಲಗೆ. ಬಂದ ನಗು ತಡೆಯಲು ಟೀಚರು ತುಟಿ ಕಚ್ಚಿಕೊಂಡರು.

ಮೇಜು ಇಳಿಸಿ ತಲೆಯೆತ್ತಿದರೆ, ಅಂಗಳದ ಮೂಲೆಯ ಕುರ್ಚಿಯಲ್ಲಿ ಸಂಗೀತದ ಮೇಷ್ಟ್ರು!

“ಇವರ್ಯಾಕೆ ಬಂದ್ರು?”

“ಬೆಳಿಗ್ಗೆ ಎಲ್ಲರಿಗಿಂತ ಮೊದ್ಲು ಬಂದಿದ್ದೇ ಅವರಂತೆ. ಮೇಡಂ ಮಗಳು ಹೇಳಿದ್ಲು.”

ಟೀಚರ ತಲೆಗೆ ಹುಳ ಬಿಟ್ಟಂತಾಯಿತು.

*

ಹನ್ನೆರಡು ವರ್ಷದ ಹಿಂದೆ ಒಂದು ಸೋಮವಾರ ಸಂಗೀತದ ಕೋಣೆಗೆ ಬೀಗ ಬಿದ್ದಿತ್ತು. ಮೇಷ್ಟ್ರು ರಾಜೀನಾಮೆ ಕೊಟ್ಟರಂತೆ. ಕೊಟ್ಟದ್ದಲ್ಲ, ಕೊಡಿಸಿದ್ದು ಎಂದು ಗುಮಾಸ್ತ ಪಿಸುಗುಟ್ಟಿದ. ಗಣಿತದ ಟೀಚರು ಹೆಡ್‌ಮಿಸ್ಸಿನ ಕೋಣೆಗೆ ನುಗ್ಗಿದ್ದರು.

“ಅವರೇನು ತಪ್ಪು ಮಾಡಿದ್ರು, ಹೇಳಿ ಮೇಡಂ.”

“ಹೇಳೋಕಾಗಲ್ಲ.”

“ಹೇಳೋಕಾಗದ್ದು ನ್ಯಾಯ ಹೇಗಾಗುತ್ತೆ?”

ಹೆಡ್‌ಮಿಸ್ಸು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. “ನಿಮ್ಮ ಎಂಟನೇ ಕ್ಲಾಸು ಕಾಯ್ತಿದೆ. ಹೋಗಿ.”

ಅವರು ನಿವೃತ್ತರಾದ ದಿನ ಬೀಳ್ಕೊಡುಗೆಗೆ ಬಂದ ಶಿಕ್ಷಕರು ಮೂವರೇ. ಹೋಗಬೇಡಿ ಎಂದು ಒಬ್ಬೊಬ್ಬರಿಗೂ ಫೋನ್ ಮಾಡಿದ್ದವರು ಗಣಿತದ ಟೀಚರು.

*

ತಡೆಯಲಾರದೆ ಗಣಿತದ ಟೀಚರು ಸಂಗೀತದ ಮೇಷ್ಟ್ರ ಪಕ್ಕಕ್ಕೆ ಕುರ್ಚಿ ಎಳೆದುಕೊಂಡರು.

“ನಿಮ್ಮ ಹೊಟ್ಟೆ ಮೇಲೆ ಹೊಡೆದವರ ಮನೆಗೆ ಮೊದ್ಲು ನೀವೇ ಬಂದ್ರಲ್ಲ ಸಾರ್?”

ಮೇಷ್ಟ್ರು ತಮ್ಮ ಬೆರಳುಗಳನ್ನೇ ನೋಡುತ್ತಿದ್ದರು.

“ಹೊಡೆದಿದ್ದು ನಾನಮ್ಮ. ಒಬ್ಬ ಹುಡುಗೀನ. ಶ್ರುತಿ ತಪ್ಪಿದ್ಲು ಅಂತ ಕೆನ್ನೆಗೆ ಬಾರಿಸ್ದೆ. ಒಂದು ಕಿವಿ ಹೋಯ್ತು.”

ಟೀಚರು ತಮ್ಮ ಕುರ್ಚಿಯನ್ನು ಒಂದಿಷ್ಟು ಹಿಂದಕ್ಕೆ ಸರಿಸಿದರು.

“ಮೇಡಂ ನನ್ನ ಅವಳ ಮನೆಗೆ ಕರ್ಕೊಂಡು ಹೋದ್ರು. ನಾನೇ ಬಾಯಿಬಿಟ್ಟು ಹೇಳೋ ತನಕ ಬಿಡ್ಲಿಲ್ಲ. ದೂರು ಕೊಡೋದಾದ್ರೆ ನಾನೇ ಸಾಕ್ಷಿ ಅಂದ್ರು. ಆ ತಂದೆತಾಯಿ ಕೇಳಿದ್ದು ಎರಡೇ. ನಾನಿನ್ನು ಮಕ್ಕಳ ಮುಂದೆ ನಿಲ್ಲಬಾರದು. ಮಗಳ ಸುದ್ದಿ ಶಾಲೆಯವರ ಬಾಯಿಗೆ ಬೀಳಬಾರದು.”

“ನಮಗೊಂದು ಮಾತು ಹೇಳಬಹುದಿತ್ತಲ್ಲ?”

“ಸ್ಟಾಫ್ ರೂಮಿಗೆ ಹೇಳೋದೂ ಒಂದೇ, ಡಂಗುರ ಹೊಡೆಸೋದೂ ಒಂದೇ.” ಮೇಷ್ಟ್ರ ನಗು ಅರ್ಧಕ್ಕೇ ನಿಂತಿತು. “ಹುಡುಗಿ ವಿಷಯ ಬಿಟ್ಟು, ತಪ್ಪು ನಂದೇ ಅಂತ ನಾನಾದ್ರೂ ಹೇಳಬಹುದಿತ್ತು. ನೀವೆಲ್ಲ ನನ್ನ ಪರ ನಿಂತಿದ್ರಿ. ಹಿತವಾಗಿತ್ತಮ್ಮ.”

“ಯಾವ ಹುಡುಗಿ ಅದು?”

“ಅದೊಂದು ಕೇಳಬೇಡಿ.”

ಒಳಗಿನಿಂದ ಮಗಳು ಕರೆದಳು: “ಹೊರೋಕೆ ಆರು ಜನ ಬೇಕು, ಬನ್ನಿ.”

ಟೀಚರು ಹೋಗಿ ಪೆಟ್ಟಿಗೆಯ ಎಡಬದಿಯ ನಡುವಿನ ಹಿಡಿ ಹಿಡಿದರು. ಸಂಗೀತದ ಮೇಷ್ಟ್ರು ಬಾಗಿಲಲ್ಲೇ ನಿಂತರು, ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡು. ಟೀಚರು ಅವರನ್ನು ದುರುಗುಟ್ಟಿ ನೋಡಿದರು. ಪೆಟ್ಟಿಗೆ ಮೇಲೇಳುವಾಗ ಡ್ರಿಲ್ ಮೇಷ್ಟ್ರು “ಹೂಂ” ಎಂದರು. ಅಷ್ಟರಲ್ಲಿ ಟೀಚರು ಹಿಡಿಯ ಮೇಲಿನ ಕೈಯನ್ನು ನಾಲ್ಕು ಬೆರಳಿನಷ್ಟು ಮುಂದಕ್ಕೆ ಸರಿಸಿದರು.

ಮೆಟ್ಟಿಲಿಳಿಯುವಾಗ ಆ ಹಿಡಿಯ ಮೇಲೆ ಎರಡು ಕೈಗಳಿದ್ದವು. ಹಿಂದಿನದು ಸಂಗೀತದ ಮೇಷ್ಟ್ರದು.