ಮಾರಾರ್ ಮಾತ್ರೆ ಬಿಟ್ಟ ಕರ್ಕಟಕ

ಜಡಿಮಳೆಯ ಕರ್ಕಟಕ ಮಾಸ, ಅಂದರೆ ಮಲಯಾಳಿಗಳ ಆಟಿ ತಿಂಗಳು, ಬಂತೆಂದರೆ ನಮ್ಮೂರ ಚೆಂಡೆಯವರಿಗೆ ಬಿಡುವು. ಮೈಗೆ ಎಣ್ಣೆ, ಹೊಟ್ಟೆಗೆ ಔಷಧಿ ಗಂಜಿ, ಜೊತೆಗೆ ಹತ್ತು ಬಗೆಯ ಸೊಪ್ಪಿನ ಪಲ್ಯ. ಮೇಳದ ಹಿರಿಯ ಚೆಂಡೆಗಾರ ಕುಟ್ಟಪ್ಪ ಮಾರಾರ್ ಎಣ್ಣೆಗೆ ಕೂತ ದಿನವೇ ಆಸ್ಪತ್ರೆಯ ಮಾತ್ರೆ ಡಬ್ಬಿಯನ್ನು ಅಟ್ಟಕ್ಕೆ ಎಸೆದರು.

"ಪಥ್ಯದಲ್ಲಿ ಇಂಗ್ಲಿಷ್ ಔಷಧಿ ಸೇರಲ್ಲ. ಒಂದು ತಿಂಗಳು ಬಿಟ್ರೆ ಏನಾಗುತ್ತೆ?"

ಹೆಂಡತಿ ದಾಕ್ಷಾಯಣಿ ಹೆದರಿ, ಪಕ್ಕದ ಮನೆಯ ನಿವೃತ್ತ ನರ್ಸ್ ಏಲಿಕುಟ್ಟಿಯನ್ನು ಕರೆತಂದಳು.

"ಚೇಟ್ಟಾ, ಅದು ರಕ್ತ ಹೆಪ್ಪುಗಟ್ಟದ ಹಾಗೆ ಕಾಯೋ ಮಾತ್ರೆ. ನಿಮ್ಮಿಷ್ಟಕ್ಕೆ ಬಿಡೋ ಹಾಗಿಲ್ಲ."

"ನೂರು ಚೆಂಡೆ ನಡುವೆ ಒಂದೇಟು ತಪ್ಪಿದ್ರೂ ಯಾರದ್ದು ಅಂತ ಹೇಳೋನು ನಾನು. ನನ್ನೆದೆ ತಾಳ ತಪ್ಪಿದ್ರೆ ಗೊತ್ತಾಗಲ್ವಾ?"

"ಎಷ್ಟೋ ಜನಕ್ಕೆ ಗೊತ್ತೇ ಆಗಲ್ಲ. ವರ್ಷಗಟ್ಟಲೆ ಬಿ.ಪಿ. ಏರಿ ನಿಮ್ಮ ಹೃದಯದ ಮೇಲಿನ ಕೋಣೆಗಳ ಗೋಡೇಲಿ ಕಲೆ ಕಟ್ಟಿದೆ. ಗಾಯ ಮಾಯ್ದ ಜಾಗ ಗಡುಸಾಗುತ್ತಲ್ಲ, ಹಾಗೆ. ಬಡಿತದ ಸಂದೇಶ ಅಲ್ಲಿ ದಾರಿ ತಪ್ಪುತ್ತೆ. ಕೋಣೆ ಬಡಿಯೋ ಬದಲು ಬರೀ ಅದುರುತ್ತೆ. ಆಗ ರಕ್ತ ನಿಂತು ಹೆಪ್ಪುಗಟ್ಟುತ್ತೆ. ಅದು ಮಿದುಳಿಗೆ ಹೋದ್ರೆ ಲಕ್ವ."

"ನೀನು ನಿವೃತ್ತಿ ಆದ್ರೂ ನಿನ್ನ ಬಾಯಿ ಮಾತ್ರ ಇನ್ನೂ ಡ್ಯೂಟೀಲಿದೆ," ಎಂದು ಮಾರಾರ್ ನಕ್ಕರು.

"ನಗಿ. ಈ ಮಾತ್ರೆ ತಗೊಳ್ಳೋರು ಇದ್ದಕ್ಕಿದ್ದ ಹಾಗೆ ಇಷ್ಟೊಂದು ಸೊಪ್ಪು ತಿಂದ್ರೆ ಅದರ ಬಲ ತಗ್ಗುತ್ತೆ. ನೀವು ಮಾತ್ರೇನೇ ಬಿಟ್ಟು ಕೂತಿದ್ದೀರಿ. ಡಾಕ್ಟರನ್ನ ಒಂದು ಮಾತು ಕೇಳಿ."

ಕೇಳಲಿಲ್ಲ. ತಿಂಗಳು ಮುಗಿಯುವ ಮೊದಲೇ, ಒಂದು ಬೆಳಿಗ್ಗೆ ಗಂಜಿ ಕುಡಿಯುತ್ತಿದ್ದಾಗ ಬಲಗೈಯಿಂದ ಹಲಸಿನ ಎಲೆಯ ಚಮಚ ಜಾರಿತು. ಬಾಯಿ ಸೊಟ್ಟಗಾಯಿತು, ಮಾತು ತೊದಲಿತು. ನನಗೆ ಇಂದಿಗೂ ಹೊಟ್ಟೆ ಉರಿಯುವುದು ಇದಕ್ಕೇ: ಬಂದ ನೆಂಟರೆಲ್ಲ ವಾಯು ಹಿಡಿದಿದೆ ಎಂದು ಮಧ್ಯಾಹ್ನದವರೆಗೆ ಆ ಕೈಗೆ ಎಣ್ಣೆ ತಿಕ್ಕುತ್ತ ಕೂತರು. ಏಲಿಕುಟ್ಟಿ ಪೇಟೆಯಿಂದ ಬಂದು ಗದರಿದ ಮೇಲಷ್ಟೇ ಆಸ್ಪತ್ರೆಗೆ ಹೊರಟದ್ದು.

"ಬೇಗ ತರಬೇಕಿತ್ತು," ಎಂದರು ಡಾಕ್ಟರು. ಪ್ರಾಣ ಉಳಿಯಿತು. ಬಲಗೈಯ ಬಲ ಉಳಿಯಲಿಲ್ಲ.

ಈಗ ಅವರ ಚೆಂಡೆಯನ್ನು ತಮ್ಮ ಅಚ್ಯುತನ್ ಬಾರಿಸುತ್ತಾನೆ. ಅವನೂ ನಾಡಿ ತೋರಿಸಿ, ಇಸಿಜಿ ಮಾಡಿಸಿಕೊಂಡು ಬಂದ. ದಾಕ್ಷಾಯಣಿ ಮಾತ್ರೆ ಕೊಟ್ಟರೆ ಮಾರಾರ್ ತಕರಾರಿಲ್ಲದೆ ನುಂಗುತ್ತಾರೆ. ಮೊನ್ನೆ ಏಲಿಕುಟ್ಟಿಯ ಕೈ ಹಿಡಿದು, ಕಷ್ಟಪಟ್ಟು ಒಂದೊಂದೇ ಮಾತು ಆಡಿದರು: "ನಂಗೆ... ಕೇಳಿಸಲೇ ಇಲ್ಲ."

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಕಿವಿ ಮಾರಾರ್ ಕಿವಿಗಿಂತ ಚುರುಕೇನಲ್ಲ. ವಯಸ್ಸಾದವರು, ಬಿ.ಪಿ. ಇರುವವರು ಆಸ್ಪತ್ರೆಯಲ್ಲಿ ನಾಡಿ ತೋರಿಸಿ. ಎಣ್ಣೆ, ಕಷಾಯ, ಪಥ್ಯ ಏನೇ ಇರಲಿ, ಡಾಕ್ಟರನ್ನು ಕೇಳದೆ ರಕ್ತ ಹೆಪ್ಪುಗಟ್ಟದಂತೆ ಕಾಯುವ ಮಾತ್ರೆ ಬಿಡಬೇಡಿ. ಮುಖ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ಎಣ್ಣೆ ಹುಡುಕುತ್ತ ಕೂರದೆ ಆ ಕ್ಷಣವೇ ಆಸ್ಪತ್ರೆಗೆ ಕರೆದೊಯ್ಯಿರಿ. ಇವತ್ತು ಮನೆಗೆ ಹೋದವರೇ ಅಟ್ಟದ ಮೇಲೊಮ್ಮೆ ನೋಡಿ, ಅಲ್ಲಿ ಯಾರದ್ದಾದರೂ ಮಾತ್ರೆ ಡಬ್ಬಿ ಬಿದ್ದಿರಬಹುದು.